ಶಿವರಾತ್ರಿಯಿಂದ ಕಾರ ಹುಣ್ಣಿಮೆಯವರೆಗೆ: ಬೇಸಿಗೆಯಲ್ಲಿ ಮೇವಿನ ಜೋಳ ಬೆಳೆಯುವ ಬಗೆ

ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆ ಒಟ್ಟಿದ ದಿನ ನಮ್ಮ ಕಡೆಯ ಮನೆಗಳಲ್ಲಿ ಒಂದು ನೆಮ್ಮದಿ ಇರುತ್ತದೆ. ಇನ್ನು ಮುಂಗಾರಿನವರೆಗೆ ದನಗಳ ಚಿಂತೆಯಿಲ್ಲ ಎಂಬ ನೆಮ್ಮದಿ. ಆದರೆ ಏಪ್ರಿಲ್ ನಡುವಿನಲ್ಲಿ ಡೈರಿಯ ಹಾಲಿನ ಪುಸ್ತಕ ತೆಗೆದು ನೋಡಿ. ಫೆಬ್ರುವರಿಯಲ್ಲಿ ಹೊತ್ತಿಗೆ ಎರಡೂವರೆ ಲೀಟರ್ ಕೊಡುತ್ತಿದ್ದ ಎಮ್ಮೆ ಒಂದೂವರೆಗೆ ಇಳಿದಿರುತ್ತದೆ. ಹೊಟ್ಟೆ ತುಂಬಿದೆ, ಕೆಚ್ಚಲು ತುಂಬುತ್ತಿಲ್ಲ. ಒಣ ಕಣಿಕೆಯಲ್ಲಿ ಪ್ರೋಟೀನ್ ಇರುವುದು ಶೇಕಡಾ 3-4ರಷ್ಟು ಮಾತ್ರ. ‘ಎ’ ಜೀವಸತ್ವಕ್ಕೆ ಬೇಕಾದ ಹಸಿರಿನ ಸತ್ವ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಬ್ಬದ ದನಕ್ಕೆ ಇದರ ಪೆಟ್ಟು ಇನ್ನೂ ಹೆಚ್ಚು.

ಕುಂದಗೋಳ ತಾಲ್ಲೂಕಿನ ನಮ್ಮ ಹೊಲದಲ್ಲಿ ಬೇಸಿಗೆಯ ಹಸಿರು ಮೇವು ಬೆಳೆಯಲು ಹೊರಟ ಮೊದಲ ವರ್ಷ ನಾನು ಅರ್ಧ ಎಕರೆಯನ್ನು ಒಂದೇ ದಿನ ಬಿತ್ತಿದೆ. ಬೆಳೆ ಚೆನ್ನಾಗಿಯೇ ಬಂತು. ಆದರೆ ಅಷ್ಟೂ ಮೇವು ಒಂದೇ ವಾರದಲ್ಲಿ ಕೊಯ್ಲಿಗೆ ಸಿದ್ಧವಾಯಿತು. ನಾಲ್ಕು ದನ ಎಷ್ಟು ತಿನ್ನಬಲ್ಲವು? ಅರ್ಧ ಕೊಯ್ಯುವಷ್ಟರಲ್ಲಿ ಉಳಿದದ್ದು ತೆನೆ ಬಲಿತು, ದಂಟು ಗಟ್ಟಿಯಾಗಿ, ದನಗಳು ಎಲೆ ತಿಂದು ದಂಟನ್ನು ಗೋದಲಿಯಲ್ಲಿ ಬಿಟ್ಟವು. ಮೇ ತಿಂಗಳಲ್ಲಿ ಮತ್ತೆ ಕಣಿಕೆಯೇ ಗತಿಯಾಯಿತು. ಅಂದಿನಿಂದ ನಾನು ಹಿಡಿದಿರುವುದು ಒಂದೇ ದಾರಿ: ತುಂಡು ತುಂಡಾಗಿ, ದಿನದ ಲೆಕ್ಕ ಇಟ್ಟು ಬಿತ್ತುವುದು. ಈ ಲೇಖನದ ಉಳಿದೆಲ್ಲ ಮಾತು ಆ ಲೆಕ್ಕದ ಸುತ್ತಲೇ ಇದೆ.

ಬೀಜ ತರುವ ಮೊದಲು

ಪೂರ್ತಿ ಬೆಳೆದ ಒಂದು ಎಮ್ಮೆಗೆ ಅಥವಾ ಆಕಳಿಗೆ ದಿನಕ್ಕೆ 15ರಿಂದ 25 ಕಿಲೋ ಹಸಿ ಮೇವು, ಜೊತೆಗೆ 4ರಿಂದ 6 ಕಿಲೋ ಒಣ ಮೇವು ಬೇಕು. ಸರಾಸರಿ 20 ಕಿಲೋ ಎಂದು ಹಿಡಿದರೆ ನಾಲ್ಕು ದನಕ್ಕೆ ದಿನಕ್ಕೆ 80 ಕಿಲೋ ಆಯಿತು. ನೀರು ಗೊಬ್ಬರ ಸರಿಯಾಗಿ ಸಿಕ್ಕ ಮೇವಿನ ಜೋಳ ಒಂದು ಕೊಯ್ಲಿಗೆ ಗುಂಟೆಗೆ 200ರಿಂದ 250 ಕಿಲೋ ಕೊಡುತ್ತದೆ. ಅಂದರೆ 20 ಗುಂಟೆಯಲ್ಲಿ ನಾಲ್ಕು ದನಕ್ಕೆ 50 ದಿನಕ್ಕೂ ಮೇಲ್ಪಟ್ಟು ಮೇವು. ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಬುಡ, ಅಂದರೆ ಕೂಳೆ, ಮತ್ತೆ ಚಿಗುರಿ ಕೊಯ್ಲಿಗೆ ಬರಲು ಬೇಕಾಗುವುದೂ ಸುಮಾರು 45-50 ದಿನವೇ. ಈ ಎರಡು ಅಂಕಿಗಳು ಒಂದಕ್ಕೊಂದು ಕೂಡಿಬರುವುದರಿಂದ, 20 ಗುಂಟೆಯ ಕೊನೆಯ ಸಾಲು ಕೊಯ್ಯುವ ಹೊತ್ತಿಗೆ ಮೊದಲ ಸಾಲು ಮತ್ತೆ ಸಿದ್ಧವಾಗಿರುತ್ತದೆ. ಎರಡೇ ದನವಿದ್ದರೆ 10 ಗುಂಟೆ ಸಾಕು.

ಈ 20 ಗುಂಟೆಯನ್ನು ನಾಲ್ಕು ನಾಲ್ಕು ಗುಂಟೆಯ ಐದು ಪಟ್ಟಿಗಳಾಗಿ ಮಾಡಿ, ಹತ್ತು ದಿನಕ್ಕೆ ಒಂದರಂತೆ ಬಿತ್ತಬೇಕು. ಮೊದಲ ಪಟ್ಟಿಯನ್ನು ಫೆಬ್ರುವರಿ 10ಕ್ಕೆ ಬಿತ್ತಿದರೆ ಐದನೆಯದು ಮಾರ್ಚ್ 22ಕ್ಕೆ ಬೀಳುತ್ತದೆ. ಮೊದಲ ಪಟ್ಟಿ ಏಪ್ರಿಲ್ 12ರ ಸುಮಾರಿಗೆ ಕೊಯ್ಲಿಗೆ ಬರುತ್ತದೆ, ಹತ್ತು ಹನ್ನೊಂದು ದಿನ ನಡೆಯುತ್ತದೆ, ಅಷ್ಟರಲ್ಲಿ ಎರಡನೆಯದು ತಯಾರು. ಐದನೆಯ ಪಟ್ಟಿ ಮೇ 22ರಿಂದ ಜೂನ್ ಮೊದಲ ದಿನಗಳವರೆಗೆ. ಆಗ ಮೊದಲ ಪಟ್ಟಿಯ ಕೂಳೆಗೆ 50 ದಿನ ತುಂಬಿರುತ್ತದೆ. ಕಾರ ಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವಾಗ ಎರಡನೆಯ ಸುತ್ತಿನ ಮೇವು ಗೋದಲಿಯಲ್ಲಿರುತ್ತದೆ.

ಸಂಕ್ರಾಂತಿಯ ಚಳಿಯಲ್ಲೇ ಬಿತ್ತಿ ಮುಂದೆ ಹೋಗೋಣ ಎಂದು ಅವಸರ ಮಾಡಬಾರದು. ಜೋಳಕ್ಕೆ ಬೆಚ್ಚಗಿನ ನೆಲ ಬೇಕು. ತಣ್ಣನೆಯ ಮಣ್ಣಿನಲ್ಲಿ ಮೊಳಕೆ ಮಂಕಾಗುತ್ತದೆ, ಸಸಿ ವಾರಗಟ್ಟಲೆ ಕುಳಿತಲ್ಲೇ ಕುಳಿತಿರುತ್ತದೆ. ಶಿವರಾತ್ರಿಯ ಆಸುಪಾಸು ನಮ್ಮ ಸೀಮೆಗೆ ಸರಿಯಾದ ಕಾಲ.

ನೀರಿನ ಲೆಕ್ಕವನ್ನೂ ಈಗಲೇ ಹಾಕಬೇಕು. ಒಂದು ಗುಂಟೆಗೆ ಎರಡು ಇಂಚು ನೀರು ನಿಲ್ಲಿಸಲು ಸುಮಾರು 5,000 ಲೀಟರ್ ಬೇಕು. ನಾಲ್ಕು ಗುಂಟೆಯ ಪಟ್ಟಿಗೆ 20,000 ಲೀಟರ್. ಎರಡು ದಿನಕ್ಕೊಂದು ಪಟ್ಟಿಯಂತೆ ಹಾಯಿಸಿದರೆ ಹತ್ತು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ನಿಮ್ಮ ಬೋರ್‌ವೆಲ್ ಇಷ್ಟು ಕೊಡುತ್ತದೆಯೇ ಎಂದು ತಿಳಿಯಲು 200 ಲೀಟರಿನ ಡ್ರಮ್ ಹಿಡಿದು ನೋಡಿ. ಎರಡೂವರೆ ನಿಮಿಷದಲ್ಲಿ ತುಂಬಿದರೆ ಗಂಟೆಗೆ ಸುಮಾರು 5,000 ಲೀಟರ್, ಒಂದು ಪಟ್ಟಿಗೆ ನಾಲ್ಕು ಗಂಟೆಯ ಕರೆಂಟ್ ಸಾಕು. ಜನವರಿಯ ನೀರನ್ನು ನಂಬಿ ಎಕರೆ ನಿಶ್ಚಯಿಸಬೇಡಿ. ಕಳೆದ ವರ್ಷ ಏಪ್ರಿಲ್‌ನಲ್ಲಿ ಎಷ್ಟು ಬರುತ್ತಿತ್ತು ಎಂಬುದನ್ನು ನೆನಪಿಸಿಕೊಂಡು ಅದರ ಮೇಲೆ ಲೆಕ್ಕ ಹಾಕಿ. ನೀರು ಕಡಿಮೆಯಿದ್ದರೆ ಮೂರೇ ಪಟ್ಟಿ ಬಿತ್ತಿ, ದನಕ್ಕೆ ಹತ್ತು ಹನ್ನೆರಡು ಕಿಲೋ ಹಸಿ ಮೇವು ಕೊಟ್ಟು ಉಳಿದದ್ದನ್ನು ಕಣಿಕೆಯಿಂದ ತುಂಬಿಸಿ. ಒಣಗಿ ನಿಂತ ಐದು ಪಟ್ಟಿಗಿಂತ ಹಸಿರಾಗಿರುವ ಮೂರು ಪಟ್ಟಿ ಮೇಲು. ಅದಕ್ಕೆ ಇನ್ನೊಂದು ಗಂಭೀರ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಯಾವುದನ್ನು ಬಿತ್ತಬೇಕು

ನನ್ನ ಒಲವು ಹಲವು ಸಲ ಕೊಯ್ಯಬಹುದಾದ ಮೇವಿನ ಜೋಳದ ಕಡೆಗೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಹೊರತಂದ ಸಿ.ಒ.ಎಫ್.ಎಸ್-29 ಮತ್ತು ಸಿ.ಒ.ಎಫ್.ಎಸ್-31 ತಳಿಗಳು ನಮ್ಮ ಕಡೆಯೂ ಚೆನ್ನಾಗಿ ಬರುತ್ತವೆ. 29 ಎಂಬುದು ಜೋಳಕ್ಕೂ ಸೂಡಾನ್ ಹುಲ್ಲಿಗೂ ಸಂಕರ ಮಾಡಿ ಪಡೆದ ತಳಿ. ಸೂಡಾನ್ ಹುಲ್ಲಿನ ರಕ್ತವಿರುವುದರಿಂದಲೇ ಬುಡದಲ್ಲಿ ಹತ್ತಾರು ಮರಿ ಒಡೆದು ಮತ್ತೆ ಮತ್ತೆ ಚಿಗುರುತ್ತದೆ. ಹರಿಯಾಣದ ಎಸ್.ಎಸ್.ಜಿ 59-3 ಕೂಡ ಇದೇ ಬಗೆಯದು, ದಂಟು ಸಿಹಿಯಾಗಿರುತ್ತದೆ.

ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಮೆಕ್ಕೆಜೋಳ ಕೈಬಂದ ಬೆಳೆ. ಮೇವಿಗಾದರೆ ಆಫ್ರಿಕನ್ ಟಾಲ್ ತಳಿ ಬಿತ್ತಬಹುದು. ರುಚಿ, ಸತ್ವ ಎರಡರಲ್ಲೂ ಅದು ಮೇಲು, ಎಳೆಯ ಜೋಳದಲ್ಲಿರುವ ಸೈನೈಡ್ ವಿಷದ ಭಯ ಅದಕ್ಕಿಲ್ಲ. ಆದರೆ ಒಂದೇ ಕೊಯ್ಲು, ನೀರೂ ಹೆಚ್ಚು ಬೇಡುತ್ತದೆ, ಸೈನಿಕ ಹುಳುವಿನ ಕಾಟ ಬೇರೆ. 2018ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಆ ಹುಳು ಇನ್ನೂ ಹೋಗಿಲ್ಲ. ಹಗುರ ಮಸಾರಿ (ಕೆಂಪು) ನೆಲ, ಕಡಿಮೆ ನೀರು ಇರುವವರಿಗೆ ಮೇವಿನ ಸಜ್ಜೆ ಒಳ್ಳೆಯದು. ಅದರಲ್ಲೂ ಸೈನೈಡ್ ವಿಷವಿಲ್ಲ. ನವಲಗುಂದ, ರೋಣದ ಕಡೆ ಬೋರ್‌ವೆಲ್ ನೀರು ಸವುಳಾಗಿರುವಲ್ಲಿ ಮೆಕ್ಕೆಜೋಳಕ್ಕಿಂತ ಜೋಳವೇ ಹೆಚ್ಚು ತಾಳಿಕೊಳ್ಳುತ್ತದೆ.

ಬೀಜಕ್ಕಾಗಿ ಮೊದಲು ಧಾರವಾಡದಲ್ಲಿ ವಿಚಾರಿಸಿ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ, ಕೃಷಿ ವಿಶ್ವವಿದ್ಯಾಲಯವಂತೂ ಇದ್ದೇ ಇದೆ. ಗದಗಿನವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು ಹತ್ತಿರ. ಎಲ್ಲಿಂದ ತಂದರೂ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಐದಾರು ದಿನ ಇಟ್ಟು ನೋಡುವುದನ್ನು ಮರೆಯಬೇಡಿ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಬೀಜದ ಪ್ರಮಾಣ ಹೆಚ್ಚಿಸಬೇಕು, ಇಲ್ಲವೇ ಬೀಜ ಬದಲಿಸಬೇಕು.

ನೆಲ ಹದ, ಬಿತ್ತನೆ

ಮೇವಿನ ಬೆಳೆಗೆ ಯಾವ ನೆಲವಾದರೂ ನಡೆಯುತ್ತದೆ ಎಂದು ಹೊಲದ ಮೂಲೆಯ ಬರಡು ತುಂಡನ್ನು ಬಿಡುವವರು ಬಹಳ. ಮನೆಗೆ ಹತ್ತಿರದ, ನೀರು ಸುಲಭವಾಗಿ ಹಾಯುವ ತುಂಡನ್ನು ಕೊಡಿ. ದಿನಾ 80 ಕಿಲೋ ಮೇವು ಹೊತ್ತು ತರುವವರು ಮನೆಯ ಹೆಣ್ಣುಮಕ್ಕಳೇ ಆಗಿರುತ್ತಾರೆ, ಅರ್ಧ ಮೈಲು ದೂರದ ಹೊಲದಿಂದ ಅವರಿಗೆ ಅದನ್ನು ಹೊರಿಸಬಾರದು.

ಪಟ್ಟಿಗೆ ಒಂದು ಚಕ್ಕಡಿ ಚೆನ್ನಾಗಿ ಕಳೆತ ತಿಪ್ಪೆಗೊಬ್ಬರ ಹರಡಿ, ಒಂದು ಸಲ ರಂಟೆ, ಎರಡು ಸಲ ಕುಂಟೆ ಹೊಡೆದರೆ ಸಾಕು. ಎರೆ (ಕಪ್ಪು) ನೆಲದಲ್ಲಿ ಹೆಂಟೆ ದೊಡ್ಡದಿದ್ದರೆ ಮೊದಲೇ ನೀರು ಹಾಯಿಸಿ, ಹದ ಬಂದ ಮೇಲೆ ಹರಗಿ ಬಿತ್ತಿ. ಬಿತ್ತನೆಯ ಹೊತ್ತಿಗೆ ಪಟ್ಟಿಗೆ 3.5 ಕಿಲೋ ಡಿಎಪಿ, 2.5 ಕಿಲೋ ಯೂರಿಯಾ, 2.7 ಕಿಲೋ ಪೊಟ್ಯಾಷ್. ಎಕರೆಗೆ ಬೇಕಾದವರು ಇದನ್ನು ಹತ್ತರಿಂದ ಗುಣಿಸಿಕೊಳ್ಳಬೇಕು, ಏಕೆಂದರೆ ನಾಲ್ಕು ಗುಂಟೆ ಎಂದರೆ ಎಕರೆಯ ಹತ್ತನೆಯ ಒಂದು ಪಾಲು.

ಸಾಲಿನಿಂದ ಸಾಲಿಗೆ ಒಂದು ಅಡಿ, ಆಳ ಒಂದರಿಂದ ಒಂದೂವರೆ ಇಂಚು. ಸಿ.ಒ.ಎಫ್.ಎಸ್ ತಳಿಗಳ ಕಾಳು ಬಹಳ ಸಣ್ಣದು, ಎಕರೆಗೆ ಎರಡರಿಂದ ಎರಡೂವರೆ ಕಿಲೋ ಸಾಕು. ಅಂದರೆ ಒಂದು ಪಟ್ಟಿಗೆ ಕಾಲು ಕಿಲೋ! ಇಷ್ಟು ಕಡಿಮೆ ಬೀಜವನ್ನು ಕೂರಿಗೆಯಲ್ಲಿ ಸಮನಾಗಿ ಬಿಡುವುದು ಕಷ್ಟ. ನಾಲ್ಕೈದು ಪಟ್ಟು ಒಣ ಮರಳು ಬೆರೆಸಿಕೊಂಡರೆ ಕೈ ತಪ್ಪುವುದಿಲ್ಲ. ಎಸ್.ಎಸ್.ಜಿ ತಳಿಯಾದರೆ ಎಕರೆಗೆ 10-12 ಕಿಲೋ, ಸಜ್ಜೆ 4-5 ಕಿಲೋ, ಆಫ್ರಿಕನ್ ಟಾಲ್ 16-20 ಕಿಲೋ.

ತುಂಡು ತುಂಡಾಗಿ ಬಿತ್ತುವುದರಲ್ಲಿ ಒಂದು ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಸುಳಿ ನೊಣ ಮೊದಲ ಪಟ್ಟಿಯಲ್ಲಿ ಹುಟ್ಟಿ ಬೆಳೆದು ಮುಂದಿನ ಪಟ್ಟಿಗಳಿಗೆ ದಾಟುತ್ತದೆ. ಸಸಿ ಮೊಳೆತ ಮೊದಲ ನಾಲ್ಕು ವಾರ ಎಲೆಯ ಅಡಿಗೆ ಮೊಟ್ಟೆ ಇಡುತ್ತದೆ, ಮರಿಹುಳು ಸುಳಿಯನ್ನು ಕತ್ತರಿಸುತ್ತದೆ. ನಡುವಿನ ಸುಳಿ ಒಣಗಿ, ಹಿಡಿದೆಳೆದರೆ ಕೊಳೆತ ವಾಸನೆಯೊಂದಿಗೆ ಕೈಗೆ ಬರುತ್ತದೆ. ಆದ್ದರಿಂದ ಮೂರನೆಯ ಪಟ್ಟಿಯಿಂದ ಮುಂದೆ ನಾನು ಬೀಜವನ್ನು ಅರ್ಧದಷ್ಟು ಹೆಚ್ಚಿಗೆ ಹಾಕುತ್ತೇನೆ, ಹುಳು ಹಿಡಿದ ಸಸಿಗಳನ್ನು ಕಿತ್ತು ಹೂಳುತ್ತೇನೆ. ಬೀಜೋಪಚಾರ ಮಾಡಿದ, ಅಂದರೆ ಔಷಧಿ ಹಚ್ಚಿದ, ಬೀಜ ಸಿಕ್ಕರೆ ಒಳ್ಳೆಯದು, ಆದರೆ ಮಿಕ್ಕ ಬೀಜವನ್ನು ಕೋಳಿಗಳಿಗೆ ಚೆಲ್ಲಬೇಡಿ. ಮೇವಿನ ಬೆಳೆಗೆ ಔಷಧಿ ಸಿಂಪಡಿಸುವುದನ್ನು ನಾನು ಒಪ್ಪುವುದಿಲ್ಲ. ಮಾಡಲೇಬೇಕಾಗಿ ಬಂದರೆ ಕೃಷಿ ಅಧಿಕಾರಿಯನ್ನು ಕೇಳಿ, ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬುದನ್ನು ಬರೆದುಕೊಂಡು ಮಾಡಿ.

ಪ್ರೋಟೀನ್ ಹೆಚ್ಚಿಸಲು ಎರಡು ಸಾಲು ಜೋಳಕ್ಕೆ ಒಂದು ಸಾಲು ಅಲಸಂದೆ ಸೇರಿಸಬಹುದು. ಮೊದಲ ಕೊಯ್ಲಿಗೆ ಮಾತ್ರ ಅದರ ಲಾಭ. ಜೋಳದಂತೆ ಅದು ಮತ್ತೆ ಚಿಗುರುವುದಿಲ್ಲ. ಅಲಸಂದೆ ಇರುವ ಪಟ್ಟಿಗೆ ಕಳೆನಾಶಕ ಮುಟ್ಟಿಸಬೇಡಿ.

ನೀರು, ಯೂರಿಯಾ, ಕಳೆ

ಬಿತ್ತಿದ ತಕ್ಷಣ ಒಂದು ನೀರು, ನಾಲ್ಕನೆಯ ದಿನಕ್ಕೆ ಇನ್ನೊಂದು ಹಗುರ ನೀರು. ಆಮೇಲೆ ಮಸಾರಿಯಲ್ಲಿ ಆರೇಳು ದಿನಕ್ಕೆ, ಎರೆಯಲ್ಲಿ ಎಂಟರಿಂದ ಹತ್ತು ದಿನಕ್ಕೆ. ಎರೆ ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿತೆಂದರೆ ತಡವಾಯಿತೆಂದೇ ಅರ್ಥ. ಬೇರು ಹರಿಯುತ್ತದೆ, ಹಾಯಿಸಿದ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ.

ಇಪ್ಪತ್ತನೆಯ ದಿನದ ಹೊತ್ತಿಗೆ ಒಮ್ಮೆ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಾಂಗ್ರೆಸ್ ಕಸವನ್ನು ಕೈಯಿಂದ ಕಿತ್ತುಹಾಕಿ. ಅದು ಮೇವಿನಲ್ಲಿ ಸೇರಿದರೆ ಹಾಲು ಕಹಿಯಾಗುತ್ತದೆ. ಮೊಣಕಾಲೆತ್ತರ ದಾಟಿದ ಮೇಲೆ ಜೋಳವೇ ಕಳೆಯನ್ನು ತುಳಿದುಹಾಕುತ್ತದೆ. ಮೂವತ್ತನೆಯ ದಿನ ಪಟ್ಟಿಗೆ ನಾಲ್ಕು ಕಿಲೋ ಯೂರಿಯಾ ಸಾಲಿನ ಬದಿಗೆ ಹಾಕಿ ನೀರು ಕೊಡಿ. ಬೇಗ ಬೆಳೆಯಲಿ ಎಂದು ಇದಕ್ಕಿಂತ ಹೆಚ್ಚು ಸುರಿಯಬಾರದು. ಹೆಚ್ಚಾದ ಸಾರಜನಕ ದಂಟಿನ ಬುಡದಲ್ಲಿ ನೈಟ್ರೇಟ್ ಆಗಿ ಕೂಡುತ್ತದೆ, ಅದೂ ದನಕ್ಕೆ ವಿಷವೇ. ಸಜ್ಜೆ ಬೆಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸೈನೈಡ್ ಇಲ್ಲವೆಂದು ಸಜ್ಜೆಗೆ ಯೂರಿಯಾವನ್ನು ಧಾರಾಳವಾಗಿ ಹಾಕಿ ಕೈಸುಟ್ಟುಕೊಂಡವರಿದ್ದಾರೆ.

ಕೊಯ್ಲು

ಮೊದಲ ಕೊಯ್ಲು 60-65 ದಿನಕ್ಕೆ. ಹೊಡೆ ಬಿಚ್ಚಿ ತೆನೆ ಹೊರಬರುವುದರಿಂದ ಹಿಡಿದು ಅರ್ಧ ಗಿಡಗಳಲ್ಲಿ ಹೂ ಕಾಣುವವರೆಗಿನ ಹತ್ತು ದಿನಗಳೇ ಮೇವಿನ ಒಳ್ಳೆಯ ದಿನಗಳು. ಅದಕ್ಕೇ ಪಟ್ಟಿಯನ್ನು ಹತ್ತು ದಿನದ ಮೇವಿನಷ್ಟೇ ಅಗಲ ಮಾಡಿದ್ದು. ಹಾಲುಗಾಳು ದಾಟಿದ ಮೇಲೆ ತೂಕ ಹೆಚ್ಚುತ್ತದೆ, ಆದರೆ ದಂಟು ನಾರಾಗುತ್ತದೆ.

ಕುಡಗೋಲನ್ನು ನೆಲಕ್ಕೆ ತಾಗಿಸಿ ಕೊಯ್ಯಬೇಡಿ. ಕೆಲಸಕ್ಕೆ ಬಂದವರಿಗೆ ಇದನ್ನು ಹತ್ತು ಸಲ ಹೇಳಬೇಕಾಗುತ್ತದೆ, ಏಕೆಂದರೆ ಹಿಂಗಾರಿ ಜೋಳವನ್ನು ಬುಡಸಮೇತ ಕೀಳುವ ಅಭ್ಯಾಸ ನಮ್ಮ ಕೈಗಳಿಗೆ ಅಂಟಿಕೊಂಡಿದೆ. ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಮೇಲೆತ್ತಿದರೆ ಆಗುವ ಎತ್ತರ, ಅಂದರೆ ನಾಲ್ಕರಿಂದ ಆರು ಇಂಚು, ಕೂಳೆ ಉಳಿಯಬೇಕು. ಬುಡದ ಗಿಣ್ಣುಗಳಲ್ಲಿರುವ ಕಣ್ಣುಗಳೇ ಮುಂದಿನ ಮೇವು. ಮೊಂಡ ಕುಡಗೋಲು ದಂಟನ್ನು ಸೀಳುತ್ತದೆ, ಸೀಳಿದ ಕೂಳೆ ಕೊಳೆಯುತ್ತದೆ. ದಿನಾ ಬೆಳಿಗ್ಗೆ ಮಸೆದುಕೊಳ್ಳಿ.

ಕೊಯ್ಯುವ ಮುನ್ನ ನೀರು ಹಾಯಿಸಬಾರದು. ಹಸಿ ಎರೆಯಲ್ಲಿ ಕಾಲಿಟ್ಟರೆ ಕೂಳೆಯೆಲ್ಲ ತುಳಿತಕ್ಕೆ ಸಿಕ್ಕುತ್ತದೆ. ಪಟ್ಟಿ ಪೂರ್ತಿ ಖಾಲಿಯಾದ ಮೇಲೆ ಸಾಲಿನ ನಡುವೆ ಒಮ್ಮೆ ಎಡೆಕುಂಟೆ, ನಾಲ್ಕು ಕಿಲೋ ಯೂರಿಯಾ, ನೀರು. ಈ ಮೂರನ್ನು ಒಂದೇ ದಿನ ಮುಗಿಸಿದರೆ ಎರಡನೆಯ ಕೊಯ್ಲು ಮೊದಲಿನದಕ್ಕಿಂತ ದಟ್ಟವಾಗಿ ಬರುತ್ತದೆ.

ಇಳುವರಿ ತಿಳಿಯಲು ತೂಕದ ಸೇತುವೆ ಬೇಕಿಲ್ಲ. ಪಟ್ಟಿಯ ನಡುವೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮೇವನ್ನು ಕೊಯ್ದು ತೂಗಿ. ಅದರ ನೂರು ಪಟ್ಟು ಒಂದು ಗುಂಟೆಯ ಇಳುವರಿ. ಎರಡು ಕಿಲೋಗಿಂತ ಕಡಿಮೆ ಬಂದರೆ ನೀರಿನಲ್ಲೋ ಗೊಬ್ಬರದಲ್ಲೋ ಎಡವಿದ್ದೀರಿ.

ಎಳೆಯ ಜೋಳ ಕೊಲ್ಲುತ್ತದೆ

ಈ ಭಾಗವನ್ನು ದಯವಿಟ್ಟು ಮನೆಯವರೆಲ್ಲರಿಗೂ ಓದಿ ಹೇಳಿ. ದನ ಬಿಡುವ ಮಕ್ಕಳಿಗಂತೂ ತಪ್ಪದೆ ಹೇಳಿ.

ನಮ್ಮ ಓಣಿಯಲ್ಲಿ ಒಂದು ಮೇ ತಿಂಗಳ ಸಂಜೆ, ಮೊದಲ ಮಳೆ ಬಿದ್ದು ವಾರವೂ ಆಗಿರಲಿಲ್ಲ, ಕಣ್ಣಿ ಹರಿದುಕೊಂಡ ಆಕಳೊಂದು ಪಕ್ಕದ ಹೊಲಕ್ಕೆ ನುಗ್ಗಿತು. ಹಿಂಗಾರಿ ಜೋಳದ ಕೂಳೆ ಮಳೆಗೆ ಗೇಣುದ್ದ ಚಿಗುರಿತ್ತು. ಹದಿನೈದು ನಿಮಿಷ ಮೇಯ್ದಿರಬಹುದು. ಬಿಡಿಸಿಕೊಂಡು ಬರುವಾಗ ದಾರಿಯಲ್ಲೇ ತೂರಾಡಿತು, ಬಾಯಲ್ಲಿ ನೊರೆ, ಏದುಸಿರು. ಮನೆಯ ಕಟ್ಟೆ ಮುಟ್ಟುವ ಮೊದಲೇ ಬಿತ್ತು. ಹಾವು ಕಚ್ಚಿತೆಂದು ಕೆಲವರು, ದೃಷ್ಟಿಯಾಯಿತೆಂದು ಕೆಲವರು ಹೇಳಿದರು. ಅದರ ಕಣ್ಣಿನ ಒಳಪೊರೆ ಕೆಂಪಗೆ ಹೊಳೆಯುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ. ಎಲೆ ಜಜ್ಜಿದಾಗ, ಅಗಿದಾಗ ಅದು ಒಡೆದು ಸೈನೈಡ್ ಹೊರಬರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈಯ ಕಣಗಳು ಅದನ್ನು ಬಳಸಲಾರದೆ ಹೋಗುತ್ತವೆ. ಕಣ್ಣಿನ ಪೊರೆ, ರಕ್ತ ಅಷ್ಟು ಕೆಂಪಾಗಿ ಕಾಣುವುದು ಅದಕ್ಕೇ. ನೈಟ್ರೇಟ್ ವಿಷವಾದರೆ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಆದ್ದರಿಂದ ಕಂಡ ಬಣ್ಣವನ್ನು ವೈದ್ಯರಿಗೆ ಹೇಳಿ.

ವಿಷ ಹೆಚ್ಚಿರುವ ಹೊತ್ತುಗಳು ಇವು: ಮೊಳೆತ ಮೊದಲ ಒಂದೂವರೆ ತಿಂಗಳು, ಕೊಯ್ದ ನಂತರದ ಎಳೆ ಚಿಗುರು, ನೀರಿಲ್ಲದೆ ಬಾಡಿ ಎಲೆ ಸುರುಳಿ ಸುತ್ತಿದ ಬೆಳೆ, ಹಾಗೆ ಬಾಡಿದ ಬೆಳೆ ಅಡ್ಡ ಮಳೆಗೆ ದಿಢೀರನೆ ಚಿಗುರಿದ ಮೊದಲ ದಿನಗಳು. ನೀರಿಗಿಂತ ಹೆಚ್ಚು ಪಟ್ಟಿ ಬಿತ್ತಬೇಡಿ ಎಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ. ಒಣಗುತ್ತ ನಿಂತ ಜೋಳ ಬರೀ ಸೊರಗಿದ ಮೇವಾಗಿ ಉಳಿಯುವುದಿಲ್ಲ, ವಿಷವಾಗಿ ನಿಲ್ಲುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳಿವೆ. ಮೊದಲ ಬೆಳೆಯಾಗಲಿ ಕೂಳೆಯಾಗಲಿ, ಕನಿಷ್ಠ 45-50 ದಿನ ತುಂಬಿ ಸೊಂಟಕ್ಕಿಂತ ಎತ್ತರ ಬೆಳೆಯದೆ ಒಂದು ಹಿಡಿಯೂ ದನಕ್ಕೆ ಹೋಗುವುದಿಲ್ಲ. ಸಸಿ ತೆಳುವು ಮಾಡುವಾಗ ಕಿತ್ತ ಎಳೆಗಿಡಗಳನ್ನು, ಅವು ಎಷ್ಟೇ ಹಸಿರಾಗಿ ಕಂಡರೂ, ಗೋದಲಿಗೆ ಹಾಕುವುದಿಲ್ಲ. ಬಾಡಿದ ಬೆಳೆಗೆ ನೀರು ಬಿದ್ದ ಮೇಲೆ ಎರಡು ವಾರ ಕಾಯುತ್ತೇವೆ. ಕೂಳೆಯ ಮೇಲೆ ದನ ಬಿಟ್ಟು ಮೇಯಿಸುವುದಂತೂ ಇಲ್ಲವೇ ಇಲ್ಲ. ಹಸಿದ ದನಕ್ಕೆ ಮೊದಲು ಕಣಿಕೆ, ಆಮೇಲೆ ಹಸಿ ಮೇವು. ಹಸಿವಿನಲ್ಲಿ ಗಬಗಬನೆ ತಿಂದರೆ ಸ್ವಲ್ಪ ವಿಷವೂ ಹೆಚ್ಚಾಗಿ ಪರಿಣಮಿಸುತ್ತದೆ. ಅನುಮಾನವಿರುವ ಮೇವನ್ನು ಕೊಯ್ದು ಪೂರ್ತಿ ಒಣಗಿಸಿದರೆ ಸೈನೈಡ್ ಬಹುಪಾಲು ಆರಿಹೋಗುತ್ತದೆ. ಅರೆಬಾಡಿದ್ದನ್ನು ಮಾತ್ರ ನಂಬಬಾರದು. ನೈಟ್ರೇಟ್ ಹಾಗಲ್ಲ, ಒಣಗಿಸಿದರೂ ಉಳಿಯುತ್ತದೆ. ಆ ಅನುಮಾನವಿದ್ದರೆ ಬುಡದ ಒಂದು ಅಡಿ ಬಿಟ್ಟು ಮೇಲೆ ಕೊಯ್ಯಿರಿ.

ದನ ಏದುಸಿರು ಬಿಡುತ್ತ ನಡುಗತೊಡಗಿದರೆ ಮನೆಮದ್ದಿನಲ್ಲಿ ಸಮಯ ಕಳೆಯಬೇಡಿ. ಬಾಯಿಯ ಮುಂದಿನ ಮೇವು ತೆಗೆದುಹಾಕಿ, ನೆರಳಿಗೆ ತಂದು, ಓಡಿಸದೆ ಬೆದರಿಸದೆ ನಿಲ್ಲಿಸಿ, ತಕ್ಷಣ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ‘ಜೋಳದ ಚಿಗುರು ತಿಂದಿದೆ’ ಎಂಬ ಮಾತನ್ನು ಮೊದಲ ವಾಕ್ಯದಲ್ಲೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದುಗಳನ್ನು ರಕ್ತನಾಳಕ್ಕೆ ಕೊಟ್ಟು ವೈದ್ಯರು ಉಳಿಸಬಲ್ಲರು, ಆದರೆ ಅವರು ಆ ಮದ್ದು ಹಿಡಿದುಕೊಂಡೇ ಹೊರಡಬೇಕು. ಸಮಯ ನಿಮಿಷಗಳಲ್ಲಿ ಇರುತ್ತದೆ.

ಗೋದಲಿಯಲ್ಲಿ

ತಿಂಗಳುಗಟ್ಟಲೆ ಕಣಿಕೆ ತಿಂದ ದನಕ್ಕೆ ಒಂದೇ ದಿನ 20 ಕಿಲೋ ಹಸಿರು ಹಾಕಿದರೆ ಭೇದಿಯಾಗುತ್ತದೆ. ಐದು ಕಿಲೋದಿಂದ ಶುರುಮಾಡಿ ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ಕತ್ತರಿಸುವ ಯಂತ್ರವಿದ್ದರೆ ಹಸಿ ಮೇವು, ಕಣಿಕೆ ಎರಡನ್ನೂ ಒಂದು ಇಂಚಿನ ತುಂಡು ಮಾಡಿ ಬೆರೆಸಿ ಕೊಡಿ. ಆಗ ದಂಟು ಉಳಿಯುವುದಿಲ್ಲ, ಕಣಿಕೆಯೂ ರುಚಿಯಾಗುತ್ತದೆ. ಕತ್ತರಿಸಿದ ಹಸಿ ಮೇವನ್ನು ರಾಶಿ ಹಾಕಿ ರಾತ್ರಿಯಿಡೀ ಬಿಡಬೇಡಿ, ಬಿಸಿಯೇರಿ ಹುಳಿಯಾಗುತ್ತದೆ. ಹಾಲು ಕೊಡುವ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮತ್ತು ಹಿಂಡಿ ಎಂದಿನಂತೆ ನಡೆಯಬೇಕು. ಹಸಿರು ಬಂತೆಂದು ಹಿಂಡಿಯನ್ನು ಪೂರ್ತಿ ನಿಲ್ಲಿಸಬಾರದು, ಸ್ವಲ್ಪ ಇಳಿಸಬಹುದು.

ಧಾರವಾಡಿ ಎಮ್ಮೆ ಸಾಕುವವರಿಗೆ ಒಂದು ಮಾತು. 2021ರಲ್ಲಿ ದೇಶದ ತಳಿಗಳ ಪಟ್ಟಿಗೆ ಸೇರಿದ ನಮ್ಮ ಈ ಎಮ್ಮೆ ಒರಟು ಮೇವಿನಲ್ಲೂ ಬದುಕುತ್ತದೆ ಎಂಬುದು ನಿಜ. ಬದುಕುತ್ತದೆ ಎಂದು ಬರೀ ಕಣಿಕೆಯಲ್ಲೇ ಇಟ್ಟರೆ ಬೆದೆಗೆ ಬರುವುದು ತಡವಾಗುತ್ತದೆ, ಕರುವಿನಿಂದ ಕರುವಿಗೆ ಅಂತರ ಬೆಳೆಯುತ್ತದೆ. ದಿನಕ್ಕೆ ಹತ್ತು ಕಿಲೋ ಹಸಿರಾದರೂ ಅದಕ್ಕೆ ಸಲ್ಲಬೇಕು.

ಮಳೆ ಹಿಡಿದ ಮೇಲೆ

ಮೃಗಶಿರಾ ಮಳೆ ಚೆನ್ನಾಗಿ ಬಿದ್ದರೆ ಬದುವಿನ ಹುಲ್ಲೇ ಸಾಕಷ್ಟು ಸಿಗುತ್ತದೆ, ಪಟ್ಟಿಗಳಲ್ಲಿ ಮೇವು ಮಿಗತೊಡಗುತ್ತದೆ. ಮಿಕ್ಕದ್ದನ್ನು ರಸಮೇವು ಮಾಡಿಡಿ. ಹಾಲುಗಾಳು ಕಟ್ಟಿದ ಹಂತದಲ್ಲಿ ಕೊಯ್ದು, ಅರ್ಧ ದಿನ ಬಾಡಿಸಿ, ಒಂದಿಂಚಿನ ತುಂಡು ಮಾಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ಗುಂಡಿಯಲ್ಲೋ ತುಳಿದು ತುಳಿದು ಗಾಳಿ ಹೊರಡಿಸಿ ಮುಚ್ಚಬೇಕು. ಒಂದು ಘನ ಮೀಟರ್ ಗುಂಡಿಯಲ್ಲಿ 500-600 ಕಿಲೋ ಹಿಡಿಸುತ್ತದೆ. 45 ದಿನದ ನಂತರ ತೆರೆಯಬಹುದು. ಹಣ್ಣಿನಂಥ ಹುಳಿವಾಸನೆ ಬಂದರೆ ಸರಿ, ಬೂಸ್ಟು ಹಿಡಿದ ಭಾಗವನ್ನು ಎಸೆಯಿರಿ. ಮುಚ್ಚಿದಷ್ಟು ದಿನ ಕೆಡದೆ ಇರುವುದರಿಂದ ಇದನ್ನು ಬರುವ ಮಾರ್ಚ್‌ಗೆ ಕಾದಿಡಬಹುದು, ಆಗ ಮೊದಲ ಪಟ್ಟಿ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ.

ಹೆಸರು ಅಥವಾ ಸೋಯಾ ಬಿತ್ತಬೇಕಾದ ತುಂಡುಗಳಿದ್ದರೆ ಅಲ್ಲಿ ಎರಡನೆಯ ಕೊಯ್ಲಿಗೇ ನಿಲ್ಲಿಸಿ. ಜೋಳ ನೆಲದ ಸಾರಜನಕವನ್ನು ಹೀರಿರುತ್ತದೆ, ದ್ವಿದಳ ಬೆಳೆ ಅಲ್ಲಿ ಸರಿಯಾಗಿ ಒಗ್ಗುತ್ತದೆ. ಯಾವ ಪಟ್ಟಿಯನ್ನು ಮುಗಿಸಿದರೂ ಕೊನೆಯ ಹೊರೆ ಮನೆಗೆ ಬಂದ ದಿನವೇ ರಂಟೆ ಹೊಡೆದು ಕೂಳೆಯನ್ನು ಬೇರುಸಹಿತ ಮೇಲೆಬ್ಬಿಸಿ, ಬಿಸಿಲಿಗೆ ಬಿದ್ದ ಬುಡಗಳನ್ನು ಆರಿಸಿ ಬದುವಿನ ಆಚೆ ರಾಶಿ ಹಾಕಿ. ಕಾಂಡ ಕೊರಕ ಅಡಗಿರುವುದು ಅದರಲ್ಲೇ. ಎರಡು ದಿನ ತಡಮಾಡಿದರೂ ಒಂದು ಮಳೆಗೆ ಕೂಳೆ ಗೇಣುದ್ದ ಚಿಗುರುತ್ತದೆ, ಊರಿನ ಯಾವುದೋ ದನ ಕಣ್ಣಿ ಹರಿದುಕೊಂಡು ಅತ್ತ ಬರುತ್ತದೆ.